ಗಿಳಿಯ ಕೊಕ್ಕು ಉಳಿಯಲಿ: ವಾಡೆಯ ತಲೆಬಾಗಿಲಿನ ಪೇಂಟ್ ತೆಗೆಯುವ ಕ್ರಮ

ಮದುವೆಗೊಮ್ಮೆ, ದೀಪಾವಳಿಗೊಮ್ಮೆ ಆಯಿಲ್ ಪೇಂಟ್ ಬಳಿದು ಬೆಳಗಾವಿ, ಬಾಗಲಕೋಟೆ ಕಡೆಯ ಹಳೆಯ ವಾಡೆಗಳ, ಅಂದರೆ ದೊಡ್ಡ ಮನೆತನಗಳ ಮನೆಗಳ, ಬಾಗಿಲ ಕೆತ್ತನೆ ಹೂತುಹೋಗಿರುತ್ತದೆ. ಅದನ್ನು ತೆಗೆಯಹೊರಟವರು ಮಾಡುವ ಹಾನಿ ಅದಕ್ಕಿಂತ ದೊಡ್ಡದು. ಗ್ರೈಂಡರ್ ಹಿಡಿದು ಗಿಳಿಯ ಕೊಕ್ಕು, ಬಳ್ಳಿಯ ಎಲೆ, ಗಣಪತಿಯ ಸೊಂಡಿಲು ಎಲ್ಲವನ್ನೂ ಸಪಾಟು ಮಾಡಿದ ಚೌಕಟ್ಟುಗಳನ್ನು ನೋಡಿದ್ದೇನೆ.

ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಬೆರಳಗಲ ಕೆರೆಯಿರಿ. ಕಟ್ಟಿಗೆಯ ಮೇಲಿನ ಮೊದಲ ಪದರವೇ ಹಳೆಯ ಚಿತ್ತಾರವಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಬರಿಯ ಸಾಗವಾನಿ ಕಂಡರೆ ಮುಂದುವರಿಯಿರಿ. ಹೊಸ್ತಿಲಿನ ಜಿಡ್ಡನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ.

ಹಳೆಯ ಪದರಗಳಲ್ಲಿ ವಿಷಕಾರಿ ಸೀಸ ಇರುತ್ತದೆಂದೇ ತಿಳಿಯಿರಿ. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಆದ್ದರಿಂದ ಒಣ ಉಜ್ಜುವಿಕೆ ಬೇಡ, ಬೆಂಕಿಯ ಜ್ವಾಲೆಯಂತೂ ಬೇಡವೇ ಬೇಡ. ಮಕ್ಕಳನ್ನು ದೂರವಿಡಿ. ಉದುರಿದ ಚಕ್ಕೆಗಳನ್ನು ಬಚ್ಚಲ ಒಲೆಗೆ ಹಾಕಬೇಡಿ.

ಇನ್ನು ಕೆತ್ತನೆ. ಕೈಗವಸು ತೊಟ್ಟು, ಎರಡೂ ಕಡೆಯ ಬಾಗಿಲು ತೆರೆದು, ಲೇಹದಷ್ಟು ಮಂದವಾದ ಪೇಂಟ್ ರಿಮೂವರನ್ನು ಒಂದು ಗೇಣು ಜಾಗಕ್ಕೆ ಮಾತ್ರ ದಪ್ಪಗೆ ಹಚ್ಚಿ. ನೀರಿನಂತೆ ಹರಿಯುವ ಅಗ್ಗದ ಡಬ್ಬಿ ತರಬೇಡಿ. ಅದು ನೆಲದ ಪೇಂಟ್ ತೆಗೆಯುತ್ತದೆ, ಬಾಗಿಲಿನದ್ದಲ್ಲ. ಹಚ್ಚಿದ ಮೇಲೆ ಆಗಾಗ ಕುಂಚ ಆಡಿಸಬೇಡಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಿಡಿ. ಪೇಂಟ್ ಸುಕ್ಕುಗಟ್ಟಿ ಎದ್ದಾಗ ಬಿದಿರಿನ ಚೂಪು ಕಡ್ಡಿಯಿಂದ ಗೆರೆಯ ಗುಂಟ ಎಳೆಯಿರಿ. ಬರಲಿಲ್ಲವೇ? ಮತ್ತೆ ಹಚ್ಚಿ, ಮತ್ತೆ ಕಾಯಿರಿ, ಸ್ಕ್ರೂಡ್ರೈವರ್ ಮುಟ್ಟಬೇಡಿ. ಸಣ್ಣ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು, ತಂತಿಯ ಬ್ರಷ್ ಕಟ್ಟಿಗೆಯ ಮೈ ಗೀಚುತ್ತದೆ. ಗಿಳಿಯ ಕಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಉಳಿದರೆ ಉಳಿಯಲಿ, ಅದಕ್ಕಾಗಿ ಕಣ್ಣು ಕೀಳಬೇಡಿ. ಕಾಸ್ಟಿಕ್ ಸೋಡಾ ಅಗ್ಗವೆಂದು ಯಾರಾದರೂ ಹೇಳುತ್ತಾರೆ. ಅದು ಸಾಗವಾನಿಯನ್ನು ಕಪ್ಪಾಗಿಸಿ, ಸಂದುಗಳಲ್ಲಿ ಕುಳಿತು ಮುಂದೆ ಹಚ್ಚಿದ್ದನ್ನೂ ಕೆಡಿಸುತ್ತದೆ.

ಡಬ್ಬಿಯ ಮೇಲೆ ಹೇಳಿದ ದ್ರವದಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಬೆಳಗಾವಿಯ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಕೊನೆಗೆ ಅಗಸೆ ಎಣ್ಣೆ. ಅಡುಗೆಯದಲ್ಲ, ಪೇಂಟ್ ಅಂಗಡಿಯ ಬೇಗ ಒಣಗುವ ಎಣ್ಣೆ. ಮೊದಲ ಸಲ ಸಮಪಾಲು ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಮೆಲಮೈನ್ ಎಂಬ ಕೃತಕ ಪಾಲಿಶ್‌ನ ಹೊಳಪು ಹಳೆಯ ಬಾಗಿಲಿಗೆ ಒಪ್ಪುವುದಿಲ್ಲ, ಬಡಿಗೇರರು ಎಷ್ಟೇ ಒತ್ತಾಯಿಸಲಿ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾವಾಗಿಯೇ ಕಾದು ಹೊತ್ತಿಕೊಳ್ಳಬಹುದು. ಒಂದೊಂದನ್ನೇ ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ.