ಒಂದು ರೋಬಸ್ಟೊ, ಒಂದು ಗಂಟೆ: ಸಿಗಾರ್ ಲೌಂಜಿನಲ್ಲಿ ನನ್ನ ಕ್ರಮ

ಸಿಗಾರ್ ಅಂಗಡಿಗೆ ಹೆಂಗಸೊಬ್ಬಳು ಹೋದರೆ ಬಹಳ ಕಡೆ ಮೊದಲು ತೋರಿಸುವುದು ಕಿರುಬೆರಳಷ್ಟು ತೆಳ್ಳನೆಯದನ್ನು, ಇಲ್ಲವೇ ವೆನಿಲಾ ಪರಿಮಳ ಬೆರೆಸಿ ಬಾಯಿಗಿಡುವ ತುದಿಗೆ ಸಿಹಿ ಸವರಿದ್ದನ್ನು. ಕೊಡುವವರ ಮನಸ್ಸು ಒಳ್ಳೆಯದೇ, ಲೆಕ್ಕ ತಪ್ಪು. ಹೆಂಗಸರಿಗೆಂದು ಬೇರೆ ಸಿಗಾರ್ ಬೇಕಿಲ್ಲ. ಸಿಗಾರಿನ ಖಾರ ಅದರ ದಪ್ಪದಲ್ಲಿಲ್ಲ. ದಪ್ಪವನ್ನು ರಿಂಗ್ ಗೇಜ್‌ನಲ್ಲಿ ಹೇಳುತ್ತಾರೆ. ಒಂದು ಇಂಚನ್ನು 64 ಪಾಲು ಮಾಡಿದರೆ ಅದರಲ್ಲಿ ಎಷ್ಟು ಪಾಲು ಎಂಬುದು ಆ ಸಂಖ್ಯೆ. 50 ಅಂದರೆ ಹೆಚ್ಚುಕಡಿಮೆ 20 ಮಿ.ಮೀ., 38 ಅಂದರೆ 15 ಮಿ.ಮೀ. ತೆಳ್ಳನೆಯದರ ಕೆಂಡ ಚಿಕ್ಕದು, ಬೇಗ ಆರುತ್ತದೆ. ಆರದಿರಲಿ ಎಂದು ಬೇಗಬೇಗ ಎಳೆದರೆ ಹೊಗೆ ಬಿಸಿಯೇರಿ ನಾಲಗೆ ಚುರುಗುಟ್ಟುತ್ತದೆ, ಬಾಯಿ ಕಹಿಯಾಗುತ್ತದೆ. ಏಳೂವರೆ ಇಂಚು ಉದ್ದ, 38 ಗೇಜಿನ ಲಾನ್ಸೆರೊ ನನಗೆ ತುಂಬ ಇಷ್ಟದ ಅಳತೆ, ಆದರೆ ಅದು ಕೈ ಪಳಗಿದವರದು. ಹೊಸಬರಿಗೆ ನಾನು ಹೇಳುವುದು ರೋಬಸ್ಟೊ: 5 ಇಂಚು ಉದ್ದ, 50 ಗೇಜು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಖಾರ ಬರುವುದು ಒಳಗಿನ ಎಲೆಯಿಂದ. ಗಿಡದ ಬುಡದ ಕಡೆಯ ಎಲೆ ವೊಲಾಡೊ. ಚೆನ್ನಾಗಿ ಉರಿಯುತ್ತದೆ, ರುಚಿ ಕಡಿಮೆ. ನಡುವಿನದು ಸೆಕೊ, ಪರಿಮಳ ಅದರದು. ತುದಿಯಲ್ಲಿ ಬಿಸಿಲುಂಡು ದಪ್ಪಗಾದದ್ದು ಲಿಗೇರೊ. ಖಾರವೂ ನಿಕೊಟಿನ್ನೂ ಅದರಲ್ಲೇ ಹೆಚ್ಚು, ಉರಿಯುವುದು ನಿಧಾನ. ಈ ಒಳಎಲೆಗಳ ಕಂತೆ ಫಿಲ್ಲರ್. ಅದನ್ನು ಹಿಡಿದಿಡುವ ಎಲೆ ಬೈಂಡರ್, ಮೇಲೆ ಸುತ್ತುವ ಅಂದದ ಎಲೆ ರ‍್ಯಾಪರ್. ಅಂಗಡಿಯವರನ್ನು ನಾನು ಕೇಳುವುದು "ಮೈಲ್ಡ್ ಇದೆಯಾ" ಎಂದಲ್ಲ, "ಇದರಲ್ಲಿ ಲಿಗೇರೊ ಎಷ್ಟು, ಫಿಲ್ಲರ್ ಯಾವ ದೇಶದ್ದು" ಎಂದು. ಆ ಒಂದು ಪ್ರಶ್ನೆಗೆ ಮಾತಿನ ಧಾಟಿಯೇ ಬದಲಾಗುತ್ತದೆ. ಬಣ್ಣ ನೋಡಿ ಮೋಸ ಹೋಗುವವರೂ ಬಹಳ. ಕಪ್ಪಗಿರುವ ಮಡೂರೊ ಖಾರವಾಗಿರಲೇಬೇಕೆಂದಿಲ್ಲ. ಎಲೆಯನ್ನು ಹೆಚ್ಚು ಕಾಲ, ಹೆಚ್ಚು ಬಿಸಿಯಲ್ಲಿ ಹುದುಗು ಬರಿಸಿದ್ದರಿಂದ ಬಂದ ಬಣ್ಣ ಅದು, ರುಚಿ ಎಷ್ಟೋ ಸಲ ಬೆಲ್ಲದ ಪಾಕದ ಕಡೆಗೆ ವಾಲಿರುತ್ತದೆ. ಬಟ್ಟೆಯ ನೆರಳಿನಲ್ಲಿ ಬೆಳೆದ ತಿಳಿಕಂದು ಕನೆಕ್ಟಿಕಟ್ ಶೇಡ್ ರ‍್ಯಾಪರ್ ಹೊದ್ದ ಡೊಮಿನಿಕನ್ ಸಿಗಾರ್‌ನಿಂದ ಶುರುಮಾಡಿದರೆ ಹೆದರುವಂಥದ್ದೇನೂ ಇಲ್ಲ. ನಿಕರಾಗುವಾದ ಎಸ್ಟೆಲಿಯ ಮೆಣಸಿನಂಥ ಖಾರಕ್ಕೆ ಆಮೇಲೆ ಹೋಗಬಹುದು.

ಕೊಳ್ಳುವಾಗ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಹೊತ್ತಿಸುವ ತುದಿಯಿಂದ ಬಾಯಿಗಿಡುವ ತಲೆಯವರೆಗೆ ಮೆಲ್ಲಗೆ ಒತ್ತಿಕೊಂಡು ಹೋಗುತ್ತೇನೆ. ಸ್ವಲ್ಪ ತಗ್ಗಿ ಮತ್ತೆ ಮೇಲೇಳಬೇಕು. ಒಂದು ಕಡೆ ಗಂಟಿನಂತೆ ಗಟ್ಟಿ ಸಿಕ್ಕರೆ ಅಲ್ಲಿ ಹೊಗೆ ಕಟ್ಟಿಕೊಳ್ಳುತ್ತದೆ. ಪೊಳ್ಳು ಸಿಕ್ಕರೆ ಅಲ್ಲಿಗೆ ಬಂದಾಗ ಬಿಸಿಯಾಗುತ್ತದೆ. ಚರಚರ ಸದ್ದು ಬಂದರೆ ಒಣಗಿದೆ, ಬೇಡ. ಅಂಗಡಿಯ ಸಿಗಾರನ್ನು ಮೂಗಿಗೆ ತಾಗಿಸಿ ಮೂಸುವುದು ಸರಿಯಲ್ಲ. ನಮ್ಮ ನಂತರ ಅದನ್ನು ಇನ್ನೊಬ್ಬರು ಬಾಯಿಗಿಡುವವರು.

ಕತ್ತರಿಸುವಲ್ಲಿ ಕೆಡುವಷ್ಟು ಇನ್ನೆಲ್ಲೂ ಕೆಡುವುದಿಲ್ಲ. ತಲೆಯ ಮೇಲೆ ಟೋಪಿಯಂತೆ ಅಂಟಿಸಿದ ಎಲೆಚೂರು ಇರುತ್ತದೆ, ಅದರ ಅಂಚಿನ ಗೆರೆ ಕಣ್ಣಿಗೆ ಕಾಣುತ್ತದೆ. ಕತ್ತರಿ ಆ ಗೆರೆಯ ಮೇಲ್ಗಡೆಯೇ ಬೀಳಬೇಕು, ಒಂದೂವರೆಯಿಂದ ಎರಡು ಮಿ.ಮೀ. ಸಾಕು. ಗೆರೆ ದಾಟಿದರೆ ರ‍್ಯಾಪರ್‌ಗೆ ಹಿಡಿತವೇ ಇಲ್ಲದೆ ಅರ್ಧದಾರಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತದೆ. ಎರಡು ಅಲಗಿನ ಗಿಲೋಟಿನ್ ಕಟರ್ ಬಳಸುತ್ತೇನೆ. ಅಲಗುಗಳನ್ನು ಸಿಗಾರಿಗೆ ತಾಗಿಸಿ ನಿಲ್ಲಿಸಿ, ಆಮೇಲೆ ಒಂದೇ ಏಟಿಗೆ ಮುಚ್ಚುವುದು. ಹಿಂಜರಿದು ನಿಧಾನ ಒತ್ತಿದರೆ ಎಲೆ ಹರಿಯುತ್ತದೆ. ಅಂದಾಜು ಸಿಗದವರು ಕಟರನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಸಿಗಾರಿನ ತಲೆಯನ್ನು ಮೇಜಿಗೆ ತಾಗುವಷ್ಟು ತೂರಿಸಿ ಮುಚ್ಚಲಿ. ಕಟರಿನ ದಪ್ಪವೇ ಅಳತೆ ಕಾಯುತ್ತದೆ. ಕತ್ತರಿಸಿದ ಮೇಲೆ ಹೊತ್ತಿಸದೆ ಒಮ್ಮೆ ಎಳೆದು ನೋಡಬೇಕು. ಗಾಳಿ ಸಲೀಸಾಗಿ ಬಂದರೆ ಸರಿ, ಬಿಗಿ ಇದ್ದರೆ ಇನ್ನೊಂದು ಕೂದಲೆಳೆಯಷ್ಟು ತೆಗೆಯಬಹುದು. ಮೊದಲೇ ಹೆಚ್ಚು ತೆಗೆದದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ.

ಹೊತ್ತಿಸಲು ಬ್ಯೂಟೇನ್ ಲೈಟರ್. ಪೆಟ್ರೋಲ್ ಬತ್ತಿಯ ಲೈಟರ್, ಮೇಣದಬತ್ತಿ, ಎರಡರ ವಾಸನೆಯೂ ಎಲೆಗೆ ಹತ್ತುತ್ತದೆ. ಬೆಂಕಿಕಡ್ಡಿಯಾದರೆ ಉದ್ದದ್ದು ಬೇಕು, ತಲೆಯ ಮದ್ದು ಪೂರ್ತಿ ಉರಿದು ಬರಿ ಕಡ್ಡಿ ಹೊತ್ತಿದ ಮೇಲೆಯೇ ಹತ್ತಿರ ತರಬೇಕು. ಸಿಗಾರನ್ನು ಓರೆಯಾಗಿ ಹಿಡಿದು, ಜ್ವಾಲೆಯ ತುದಿ ತಾಗಿಯೂ ತಾಗದಂತೆ ಕೆಳಗಿಟ್ಟು, ಹಪ್ಪಳ ಸುಡುವಾಗ ತಿರುಗಿಸುವ ಹಾಗೆ ತಿರುಗಿಸುತ್ತ ಹೋದರೆ ಸುತ್ತಲ ಅಂಚು ಮೊದಲು ಕರಿಯಾಗಿ ಆಮೇಲೆ ನಡುಭಾಗ ಕೆಂಪಾಗುತ್ತದೆ. ಇಪ್ಪತ್ತು ಮೂವತ್ತು ಸೆಕೆಂಡು ಹಿಡಿಯುತ್ತದೆ. ಆಮೇಲೆ ಬಾಯಿಗಿಟ್ಟು ಎರಡು ಮೆಲುದಮ್ಮು. ತುದಿಯ ಮೇಲೆ ಮೆಲ್ಲಗೆ ಊದಿ ನೋಡಿದರೆ ಎಲ್ಲಿ ಕೆಂಡವಿಲ್ಲ ಎಂಬುದು ಕಾಣುತ್ತದೆ, ಅಲ್ಲಿಗೆ ಮಾತ್ರ ಮತ್ತೆ ಬೆಂಕಿ.

ಹೊಗೆ ಎದೆಗೆ ಇಳಿಯಬಾರದು. ಬಾಯಲ್ಲಿ ತುಂಬಿಕೊಂಡು, ತಿರುಗಿಸಿ, ಬಿಡುವುದು. ಬಿಡುವಾಗ ಕಾಲುಭಾಗವನ್ನು ಮೂಗಿನಿಂದ ಬಿಟ್ಟರೆ ರುಚಿಯ ಅರ್ಧ ಅಲ್ಲೇ ತಿಳಿಯುತ್ತದೆ: ಸುಟ್ಟ ಕಾಫಿಬೀಜ, ಒದ್ದೆ ಮಣ್ಣು, ಹುರಿದ ಕೊತ್ತಂಬರಿ ಬೀಜ ಎಂದು ನನಗೆ ಹೆಸರು ಸಿಗುವುದು ಮೂಗಿನಲ್ಲೇ. ನಿಮಿಷಕ್ಕೊಂದು ದಮ್ಮು ಸಾಕು. ಬೂದಿ ಒಂದಿಂಚು ನಿಲ್ಲಲಿ, ಅದು ಕೆಂಡವನ್ನು ತಂಪಾಗಿಡುತ್ತದೆ. ಅದಕ್ಕಿಂತ ಉದ್ದ ಬೆಳೆಸಿದರೆ ಮಡಿಲಿಗೆ ಬೀಳುತ್ತದೆ.

ಒಂದು ಬದಿ ಓಡಿ ಇನ್ನೊಂದು ಬದಿ ಹಿಂದುಳಿದರೆ, ಹಿಂದುಳಿದ ಬದಿಯನ್ನು ಕೆಳಕ್ಕೆ ತಿರುಗಿಸಿ ಎರಡು ನಿಮಿಷ ಬಿಡುವುದು. ಸರಿಹೋಗದಿದ್ದರೆ ಅಲ್ಲಿಗೊಂದು ಚಿಟಿಕೆ ಬೆಂಕಿ. ಇದಕ್ಕೆ ಕಾರಣ ಅವಸರದಲ್ಲಿ ಹೊತ್ತಿಸಿದ್ದು, ಇಲ್ಲವೇ ಎ.ಸಿ. ಗಾಳಿ ಒಂದೇ ಕಡೆಗೆ ಹೊಡೆಯುತ್ತಿರುವುದು. ನಡುಭಾಗ ಸುರಂಗದಂತೆ ಉರಿದು ಹೊರಗೆ ಹಾಗೇ ಉಳಿದರೆ ಅದು ತೀರ ನಿಧಾನ ಸೇದಿದ ಗುರುತು, ಅಥವಾ ರ‍್ಯಾಪರ್ ಹೆಚ್ಚು ತೇವವಿದೆ. ಆರಿಹೋದರೆ ಬೂದಿ ಉದುರಿಸಿ, ಮತ್ತೆ ಹೊತ್ತಿಸುವ ಮೊದಲು ಸಿಗಾರಿನ ಮೂಲಕ ಹೊರಕ್ಕೆ ಒಮ್ಮೆ ಊದಿ ಹಳೆ ಹೊಗೆ ತೆಗೆಯಬೇಕು. ಒಂದು ಗಂಟೆಯೊಳಗಾದರೆ ರುಚಿ ಅಷ್ಟೇನೂ ಕೆಡುವುದಿಲ್ಲ. ನಾಳೆಗೆಂದು ಎತ್ತಿಟ್ಟದ್ದು ಮಾತ್ರ ಕಮಟು.

ಹೆಂಗಸರಿಗೆ ಬೇರೆ ಸಿಗಾರ್ ಬೇಕಿಲ್ಲ ಎಂದೆ. ಬೇರೆ ಎಚ್ಚರ ಒಂದಷ್ಟು ಬೇಕು. ಲಿಪ್‌ಸ್ಟಿಕ್ಕಿನ ಮೇಣ ಎಲೆಗೆ ಹತ್ತಿ ಕೊನೆಯವರೆಗೂ ಅದರದೇ ರುಚಿ ಕೊಡುತ್ತದೆ. ಮ್ಯಾಟ್ ಆದರೂ ಒರೆಸಿಕೊಂಡೇ ಕೂರುತ್ತೇನೆ. ತುಟಿ ಒಣಗಿದ್ದರೆ ರ‍್ಯಾಪರ್ ಅಂಟಿಕೊಂಡು ಕಿತ್ತುಬರುತ್ತದೆ, ಒಂದು ಗುಟುಕು ನೀರು ಸಾಕು. ಕೈಗೆ ಹಚ್ಚಿದ ಕ್ರೀಮು, ಘಾಟು ಸೆಂಟು, ಮುಡಿದ ಮಲ್ಲಿಗೆ ಎಲ್ಲವೂ ನಮ್ಮ ಮೂಗಿಗೂ ಪಕ್ಕದವರ ಮೂಗಿಗೂ ಅಡ್ಡಬರುತ್ತವೆ. ನೈಲಾನ್, ಜಾರ್ಜೆಟ್ ಬೇಡ, ಕಿಡಿ ಬಿದ್ದಲ್ಲಿ ತೂತು. ದಪ್ಪ ಹತ್ತಿ ಒಳ್ಳೆಯದು. ಕೂದಲು ಬಿಗಿಯಾಗಿ ಹೆಣೆದು ತುರುಬು ಕಟ್ಟಿದರೆ ವಾಸನೆ ಹೊರಪದರಕ್ಕಷ್ಟೇ ಹಿಡಿಯುತ್ತದೆ. ಎಣ್ಣೆ ಹಚ್ಚಿದ ದಿನವಂತೂ ಹೋಗಬೇಡಿ, ಎಣ್ಣೆ ಹೊಗೆಯನ್ನು ಬಿಡುವುದೇ ಇಲ್ಲ.

ಕೂತು ಸಿಗಾರ್ ಸೇದಲೆಂದೇ ಇರುವ ಲೌಂಜಿನಲ್ಲಿ ಜಾಗ ಹಿಡಿಯುವ ಮುನ್ನ ಛಾವಣಿ ನೋಡುತ್ತೇನೆ. ಕೊಳೆತ ಗಾಳಿಯನ್ನು ಹೊರಗೆಳೆಯುವ ಜಾಲರಿಯ ಕೆಳಗೆ ಕೂತರೆ ಇಡೀ ಕೋಣೆಯ ಹೊಗೆ ನಮ್ಮ ತಲೆ ದಾಟಿಯೇ ಹೋಗಬೇಕು. ಹೊಸ ಗಾಳಿ ಬರುವ ಕಿಂಡಿಯ ನೇರ ಕೆಳಗೆ ಕೂತರೆ ಸಿಗಾರ್ ಒಂದೇ ಕಡೆ ಉರಿಯುತ್ತದೆ. ಅದರಿಂದ ಆರೆಂಟು ಅಡಿ ಆಚೆ ಇರುವ ಕುರ್ಚಿ ಸರಿ. ಮನೆಯಿಂದ ತಂದ ಸಿಗಾರ್ ಸೇದುವುದಾದರೆ ಮೊದಲೇ ಕೇಳಬೇಕು. ಹಲವು ಕಡೆ ಕಟಿಂಗ್ ಫೀ ಇರುತ್ತದೆ, ಕೆಲವರು ಬಿಡುವುದೇ ಇಲ್ಲ. ಆ ಮನೆಯದೊಂದು ಕೊಂಡು, ನಮ್ಮದೊಂದು ಹೊತ್ತಿಸುವುದು ಎಲ್ಲೆಡೆ ಸಲ್ಲುವ ಮರ್ಯಾದೆ. ಇನ್ನೊಬ್ಬರ ಕಟರ್ ಎರವಲು ಪಡೆಯಬಹುದು, ಆದರೆ ತಲೆಯನ್ನು ಎಂಜಲು ಮಾಡಿ ಕತ್ತರಿಸಬಾರದು. ಕೇಳದೆ ಹತ್ತಿರ ಬಂದು ಪಾಠ ಹೇಳುವ ಗಂಡಸರಿಗೆ "ಇದರ ಬೈಂಡರ್ ಯಾವುದು ಗೊತ್ತಾ ಸರ್?" ಎಂದು ಕೇಳಿದರೆ ಇಬ್ಬರಿಗೂ ಪ್ರಯೋಜನ: ಗೊತ್ತಿದ್ದವರಿಂದ ಕಲಿಯುತ್ತೇವೆ, ಗೊತ್ತಿಲ್ಲದವರು ಸರಿಸಮನಾಗಿ ಕೂತು ಮಾತಾಡುತ್ತಾರೆ.

ಅಮೆರಿಕದ ಫ್ಲಾರಿಡಾದಲ್ಲಿ, ನಾನಿರುವ ಟ್ಯಾಂಪಾದಲ್ಲಿ, ಹೆಂಗಸು ಮತ್ತು ಸಿಗಾರ್ ಎಂಬ ಮಾತಿಗೆ ಬೇರೆಯದೇ ತೂಕವಿದೆ. 1885ರಲ್ಲಿ ಸಿಗಾರ್ ಉದ್ಯಮಿ ವಿಸೆಂಟೆ ಮಾರ್ಟಿನೆಜ್ ಇಬೋರ್ ಜಮೀನು ಕೊಂಡು ಕಟ್ಟಿಸಿದ ಇಬೋರ್ ಸಿಟಿಯ ಕಾರ್ಖಾನೆಗಳಲ್ಲಿ ಎಲೆಯ ನಡುನರ ಬಿಡಿಸುವ ಕೆಲಸ ಹೆಂಗಸರದಾಗಿತ್ತು. ನಿಕರಾಗುವಾದಲ್ಲಿ ಇವತ್ತಿಗೂ ಫಿಲ್ಲರ್ ಕಟ್ಟುವವನೊಬ್ಬ, ಅದರ ಮೇಲೆ ರ‍್ಯಾಪರ್ ಸುತ್ತುವ ಹೆಂಗಸೊಬ್ಬಳು ಜೋಡಿಯಾಗಿ ಕೂರುವುದು ಸಾಮಾನ್ಯ. ಮಂಗಳೂರು ಕಡೆಯ ಮನೆಜಗಲಿಗಳಲ್ಲಿ ಬೀಡಿ ಕಟ್ಟುವವರು ಯಾರೆಂದು ನಮಗೆ ಗೊತ್ತು, ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಿದ್ದ ಅಜ್ಜಿಯಂದಿರೂ ಗೊತ್ತು. ಹೊಗೆಸೊಪ್ಪು ಹೆಂಗಸಿನ ಕೈಗೆ ಹೊಸದಲ್ಲ.

ಅಮೆರಿಕದ ಲೌಂಜುಗಳಲ್ಲಿ ಕ್ಯೂಬಾದ ಸಿಗಾರ್ ಕೇಳಬೇಡಿ. ಮಾರುವಂತಿಲ್ಲ, 2020ರ ಸೆಪ್ಟೆಂಬರಿನಿಂದ ಪ್ರಯಾಣಿಕರು ಸ್ವಂತಕ್ಕೆ ತರುವಂತೆಯೂ ಇಲ್ಲ. ಕರ್ನಾಟಕದಲ್ಲಿ ಸೇದುವವರಿಗೆ ನಿಯಮ ಬೇರೆ: ಸಾರ್ವಜನಿಕ ಜಾಗದಲ್ಲಿ ನಿಷೇಧ, ಹೋಟೆಲುಗಳಲ್ಲಿ ಗೊತ್ತುಮಾಡಿದ ಧೂಮಪಾನದ ಕೊಠಡಿಯೊಳಗೆ ಮಾತ್ರ.

ಹೊಟ್ಟೆ ಖಾಲಿ ಇಟ್ಟುಕೊಂಡು ಸೇದಬೇಡಿ. ಸಿಗಾರಿನ ಹೊಗೆ ಕ್ಷಾರೀಯ, ಒಳಗೆಳೆಯದಿದ್ದರೂ ನಿಕೊಟಿನ್ ಬಾಯಿಯ ಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ತಣ್ಣನೆ ಬೆವರು, ಓಕರಿಕೆ, ತಲೆಸುತ್ತು ಬಂದರೆ ಸಿಗಾರ್ ಕೆಳಗಿಟ್ಟು, ನೀರು ಕುಡಿದು, ಏನಾದರೂ ಸಿಹಿ ತಿನ್ನಬೇಕು. ನನ್ನ ಚೀಲದಲ್ಲಿ ಬೆಲ್ಲದ ಅಚ್ಚು ಸದಾ ಇರುತ್ತದೆ. ಎದೆಗೆ ಎಳೆಯದಿದ್ದರೆ ಅಪಾಯವಿಲ್ಲ ಎಂಬ ಮಾತನ್ನು ಲೌಂಜಿನಲ್ಲಿ ಕೇಳುತ್ತೀರಿ, ಅದು ಸುಳ್ಳು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಸಿಗಾರಿನಿಂದಲೂ ಬರುತ್ತದೆ; ದೊಡ್ಡದೊಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಸಿರಲ್ಲಿ, ಹಾಲೂಡಿಸುವಾಗ ಬೇಡವೇ ಬೇಡ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದು ವಯಸ್ಸು 35 ದಾಟಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ, ವೈದ್ಯರಿಗೆ ಮುಚ್ಚಿಡಬೇಡಿ. ಸೇದದವರಿಗೆ ಶುರುಮಾಡಿ ಎಂದು ನಾನು ಹೇಳುವುದಿಲ್ಲ. ನನ್ನ ಮಿತಿ ತಿಂಗಳಿಗೆ ಎರಡು.

ಜೊತೆಗೆ ಕುಡಿಯಲು ವಿಸ್ಕಿಯೇ ಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ಚಿಕೋರಿ ಬೆರೆಸಿದ ಗಟ್ಟಿ ಡಿಕಾಕ್ಷನ್ನಿಗೆ ಕಡಿಮೆ ಹಾಲು ಹಾಕಿದ ಕಾಫಿ ಮಡೂರೊಗೆ ಹೇಳಿಮಾಡಿಸಿದ ಜೋಡಿ. ಕನೆಕ್ಟಿಕಟ್‌ಗೆ ಅದು ಅತಿಯಾಯಿತು, ಸೋಡಾ ಸಾಕು.

ಮನೆಯಲ್ಲಿ ಇಡುವುದಕ್ಕೆ ಐವತ್ತರೊಳಗೆ ಸಿಗಾರ್ ಇರುವವರು ತೇವ ಕಾಯುವ ಚೆಂದದ ಮರದ ಪೆಟ್ಟಿಗೆ, ಅಂದರೆ ಹ್ಯುಮಿಡರ್, ಕೊಳ್ಳುವುದು ದುಡ್ಡು ದಂಡ. ಮುಚ್ಚಳದ ಸಂದಿಯಲ್ಲಿ ಗಾಳಿ ಸೋರುತ್ತದೆ. ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸ್ಪ್ಯಾನಿಷ್ ಸೀಡರ್ ಹಲಗೆ (ಹೆಸರು ಸೀಡರ್, ಕುಟುಂಬ ನಮ್ಮ ಬೇವು, ಮಹಾಗನಿಯದು), 25 ಸಿಗಾರಿಗೆ ಒಂದರಂತೆ ತೇವವನ್ನು ಶೇ. 65ರಲ್ಲಿ ಕಾಯುವ 60 ಗ್ರಾಂನ ಬೊವೇಡಾ ಪೊಟ್ಟಣ. ಪೊಟ್ಟಣ ಕೈಗೆ ಗಟ್ಟಿಯಾಗಿ ಸಿಕ್ಕರೆ ಬದಲಿಸುವ ಹೊತ್ತು. ತೇವ ಅಳೆಯುವ ಹೈಗ್ರೊಮೀಟರನ್ನು ನಂಬುವ ಮೊದಲು ಪರೀಕ್ಷಿಸಬೇಕು: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಒದ್ದೆ ಮರಳಿನಂತಾಗುವಷ್ಟು ಹನಿ ನೀರು, ಆ ಮುಚ್ಚಳವನ್ನೂ ಹೈಗ್ರೊಮೀಟರನ್ನೂ ಜಿಪ್ ಚೀಲದಲ್ಲಿ ಮುಚ್ಚಿ ಒಂದು ದಿನ. ಮುಳ್ಳು 75 ತೋರಿಸಬೇಕು. 71 ತೋರಿಸಿದರೆ ನಿಮ್ಮದು ನಾಲ್ಕು ಕಡಿಮೆ ಹೇಳುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಫ್ರಿಜ್‌ನಲ್ಲಿ ಇಡಬೇಡಿ, ಒಣಗುತ್ತದೆ, ಇಂಗಿನ ವಾಸನೆ ಹತ್ತುತ್ತದೆ. ನುಸಿಗುಳಿಗೆ ಹಾಕಿದ ಬೀರುವೂ ಬೇಡ. ಬಿಸಿ 24 ಡಿಗ್ರಿ ದಾಟಿ ತೇವವೂ ಏರಿದರೆ ಎಲೆಯೊಳಗಿದ್ದ ತಂಬಾಕು ಜೀರುಂಡೆಯ ಮೊಟ್ಟೆ ಒಡೆಯುತ್ತದೆ. ರ‍್ಯಾಪರಿನಲ್ಲಿ ಸೂಜಿಯಿಂದ ಚುಚ್ಚಿದಂಥ ತೂತು, ಕೆಳಗೆ ಪುಡಿ ಕಂಡರೆ ಅದೇ. ಹಾಳಾದದ್ದನ್ನು ಎಸೆದು, ಉಳಿದವನ್ನು ಜಿಪ್ ಚೀಲದಲ್ಲಿ ಕಟ್ಟಿ ಒಂದು ದಿನ ಫ್ರಿಜ್, ಮೂರು ದಿನ ಫ್ರೀಜರ್, ಮತ್ತೊಂದು ದಿನ ಫ್ರಿಜ್, ಆಮೇಲೆ ಹೊರಗೆ. ನೇರ ಫ್ರೀಜರಿನಿಂದ ತೆಗೆದರೆ ರ‍್ಯಾಪರ್ ಬಿರಿಯುತ್ತದೆ. ಹೊರದೇಶದಿಂದ ಭಾರತಕ್ಕೆ ಬರುವವರು 25 ಸಿಗಾರ್‌ವರೆಗೆ ಸುಂಕವಿಲ್ಲದೆ ತರಬಹುದು. ಕೈಚೀಲದಲ್ಲೇ ತನ್ನಿ, ಮಳೆಗಾಲದ ಮಂಗಳೂರಿಗಾದರೆ ಡಬ್ಬಿಯನ್ನು ಮನೆಯ ಅತಿ ತಂಪಾದ ಕೋಣೆಯಲ್ಲಿ ಇಟ್ಟು ವಾರಕ್ಕೊಮ್ಮೆ ತೆರೆದು ನೋಡಿ.

ಕೊನೆಯ ಒಂದೂವರೆ ಇಂಚಿಗೆ ಬಂದಾಗ, ಬೆರಳಿಗೆ ಬಿಸಿ ತಾಗುವ ಮೊದಲೇ ನಿಲ್ಲಿಸುತ್ತೇನೆ. ಆಶ್‌ಟ್ರೇಗೆ ಒತ್ತಿ ಹೊಸಕಿದರೆ ಘಾಟು ಕೋಣೆಯೆಲ್ಲ ಹರಡುತ್ತದೆ. ಸುಮ್ಮನೆ ಮಲಗಿಸಿದರೆ ಐದಾರು ನಿಮಿಷದಲ್ಲಿ ತಾನೇ ಆರುತ್ತದೆ.