ಬಣ್ಣಕ್ಕಿಂತ ಮೊದಲು ಗಿರಾಕಿಯ ಪ್ರಶ್ನೆ: ಸಣ್ಣ ವ್ಯವಹಾರದ ವೆಬ್‌ಸೈಟ್ ಯೋಜಿಸುವ ನನ್ನ ಕ್ರಮ

ವೆಬ್‌ಸೈಟ್ ಕೆಲಸ ಒಪ್ಪಿಕೊಂಡಾಗ ನಾನು ಮಾಲೀಕರಿಂದ ಮೊದಲು ಕೇಳುವುದು ಲೋಗೋ ಅಲ್ಲ, ಒಂದು ಪಟ್ಟಿ. ಫೋನ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಅಂಗಡಿಗೇ ಬಂದು ಗಿರಾಕಿಗಳು ಏನೇನು ಕೇಳುತ್ತಾರೋ ಅದನ್ನೆಲ್ಲ ಒಂದು ವಾರ ಅವರ ಮಾತಿನಲ್ಲೇ ಬರೆದಿಡಿ ಅನ್ನುತ್ತೇನೆ. ‘ಎಷ್ಟಾಗುತ್ತೆ?’, ‘ಭಾನುವಾರ ಇರ್ತೀರಾ?’, ‘ಮನೆಗೇ ಬಂದು ಮಾಡ್ತೀರಾ?’ ಸೈಟಿನ ನಕ್ಷೆ ಹುಟ್ಟುವುದು ಈ ಪಟ್ಟಿಯಿಂದಲೇ. ಪದೇ ಪದೇ ಬರುವ ಪ್ರಶ್ನೆಗಳಿಗೆ ಮುಖಪುಟದಲ್ಲೇ ಉತ್ತರ. ಉದ್ದ ವಿವರಣೆ ಬೇಡುವ ಪ್ರತಿಯೊಂದು ಸೇವೆಗೂ ಅದರದೇ ಪುಟ. ಹೀಗೆ ವಿಂಗಡಿಸಿದರೆ ಬಹುತೇಕರಿಗೆ ಐದಾರು ಪುಟ ಧಾರಾಳವಾಗಿ ಸಾಕು. ‘ನಮ್ಮ ಧ್ಯೇಯ’ ಎಂಬ ಪುಟವನ್ನು ಯಾವ ಗಿರಾಕಿಯೂ ಕೇಳಿರುವುದಿಲ್ಲ, ಹಾಗಾಗಿ ಅದನ್ನು ಬಿಡುತ್ತೇನೆ.

ಬರಹ ಪೂರ್ತಿಯಾಗುವವರೆಗೆ ವಿನ್ಯಾಸಕ್ಕೆ ಕೈ ಹಾಕುವುದಿಲ್ಲ. ಮೊದಲೇ ಟೆಂಪ್ಲೇಟ್ ಆರಿಸಿದರೆ ಅದರ ಖಾಲಿ ಚೌಕಗಳನ್ನು ತುಂಬಲೆಂದೇ ಪೊಳ್ಳು ಸಾಲುಗಳು ಬರುತ್ತವೆ. ‘ಗುಣಮಟ್ಟದ ಸೇವೆಯೇ ನಮ್ಮ ಗುರಿ’ ಎಂಬ ಸಾಲನ್ನು ಯಾರ ಸೈಟಿಗೂ ಅಂಟಿಸಬಹುದು. ‘ವಾಷಿಂಗ್ ಮಷಿನ್ ರಿಪೇರಿ. ಕರೆ ಮಾಡಿದ ದಿನವೇ ಬಂದು ನೋಡುತ್ತೇವೆ. ಬಿಡಿಭಾಗ ತರಿಸಬೇಕಾದರೆ ಎರಡು ದಿನ ಹೆಚ್ಚು ಹಿಡಿಯುತ್ತದೆ’ ಎಂದು ಬರೆದರೆ ಓದಿದವರು ಕರೆ ಮಾಡುತ್ತಾರೆ. ದರ ಹಾಕಲು ಮಾಲೀಕರು ಹಿಂಜರಿಯುವುದು ಸಹಜ. ಕನಿಷ್ಠ ಎಷ್ಟು, ಯಾವ ಕಾರಣಕ್ಕೆ ಹೆಚ್ಚಾಗುತ್ತದೆ, ಇಷ್ಟನ್ನಾದರೂ ಬರೆಯಿಸುತ್ತೇನೆ.

ಮೊಬೈಲ್‌ನ ಮೊದಲ ಪರದೆಯಲ್ಲಿ, ಕೆಳಗೆ ಸರಿಸದೆಯೇ, ಮೂರು ವಿಷಯ ಕಾಣಬೇಕು: ಏನು ಮಾಡುತ್ತೀರಿ, ಎಲ್ಲಿ, ಹೇಗೆ ಸಂಪರ್ಕಿಸುವುದು. ಫೋನ್ ನಂಬರ್ ಚಿತ್ರದೊಳಗೆ ಸೇರಿಹೋಗಬಾರದು. ಒತ್ತಿದರೆ ಕರೆ ಹೋಗುವಂತೆ ದೇಶದ ಕೋಡ್ ಸಮೇತ ಲಿಂಕ್ ಆಗಿರಬೇಕು. ಬಣ್ಣದ ಬಗ್ಗೆ ಹೇಳುವುದಿಷ್ಟೇ: ಬಿಸಿಲಿನಲ್ಲಿ ನಿಂತು ಓದಿದರೂ ಅಕ್ಷರ ಕಾಣಬೇಕು.

ಸೈಟ್ ನಿಧಾನವಾಗಲು ಹೆಚ್ಚಾಗಿ ಫೋಟೋಗಳೇ ಕಾರಣ. ಫೋನ್‌ನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಚಿತ್ರ ಸುಮಾರು 4000 ಪಿಕ್ಸೆಲ್ ಅಗಲವಿದ್ದು ಹಲವು ಎಂಬಿ ತೂಗುತ್ತದೆ. ಅದನ್ನು 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರ ರೂಪದಲ್ಲಿ 200 ಕೆಬಿಯೊಳಗೆ ಇಡುತ್ತೇನೆ. ಕೋಡ್‌ನಲ್ಲಿ ಚಿತ್ರದ ಅಗಲ, ಎತ್ತರ ಎರಡನ್ನೂ ಬರೆಯಲೇಬೇಕು. ಬರೆಯದಿದ್ದರೆ ಚಿತ್ರ ಬಂದು ಕೂತಾಗ ಕೆಳಗಿನ ಬರಹ ಜಿಗಿದು, ಬೆರಳು ತಪ್ಪು ಬಟನ್ ಒತ್ತುತ್ತದೆ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ನಾನೂ ಅದನ್ನೇ ಹಿಡಿಯುತ್ತೇನೆ.

ಯಾರೂ ಗಮನಿಸದೆ ಕೆಡುವುದು ವಿಚಾರಣೆ ಫಾರ್ಮ್. ‘ಧನ್ಯವಾದ’ ಎಂದು ತೋರಿಸುತ್ತದೆ, ಮೇಲ್ ಮಾತ್ರ ಬರುವುದಿಲ್ಲ, ಬಂದರೂ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಕಳುಹಿಸಿದವರ ಜಾಗದಲ್ಲಿ ಗಿರಾಕಿಯ ವಿಳಾಸವನ್ನೇ ಹಾಕಿರುವುದು ಇದಕ್ಕೆ ಸಾಮಾನ್ಯ ಕಾರಣ. ಆ ವಿಳಾಸದ ಪರವಾಗಿ ಮೇಲ್ ಕಳುಹಿಸಲು ನಿಮ್ಮ ಸರ್ವರ್‌ಗೆ ಅಧಿಕಾರವಿಲ್ಲ, ಹಾಗಾಗಿ ಕಳುಹಿಸಿದವರು ಅಸಲಿಯೇ ಎಂದು ಮೇಲ್ ಸೇವೆಗಳು ನೋಡುವ ಎಸ್‌ಪಿಎಫ್, ಡಿಮಾರ್ಕ್ ತಪಾಸಣೆಯಲ್ಲಿ ಅದು ಸೋಲುತ್ತದೆ. ಕಳುಹಿಸುವ ವಿಳಾಸ ನಿಮ್ಮ ಡೊಮೇನ್‌ನದ್ದೇ (ಸೈಟಿನ ಹೆಸರಿನದ್ದೇ) ಇರಲಿ, ಗಿರಾಕಿಯ ವಿಳಾಸ ಉತ್ತರ ಹೋಗಬೇಕಾದ ‘ರಿಪ್ಲೈ-ಟು’ ಜಾಗದಲ್ಲಿ ಕೂರಲಿ. ಡೊಮೇನ್‌ಗೆ ಎಸ್‌ಪಿಎಫ್ ಮತ್ತು ಡಿಕಿಮ್ (ಮೇಲ್‌ನ ಡಿಜಿಟಲ್ ಸಹಿ) ದಾಖಲೆ ಸೇರಿಸಿ, ಬೇರೆ ಬೇರೆ ಮೇಲ್ ಸೇವೆಗಳಿಂದ ಫಾರ್ಮ್ ತುಂಬಿ ಪರೀಕ್ಷಿಸಿ. ಹೆಸರು, ಫೋನ್, ಇಮೇಲ್, ವಿಷಯ, ನಾಲ್ಕೇ ಅಂಕಣ ಸಾಕು. ಅವುಗಳ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಐಫೋನ್‌ನಲ್ಲಿ ಮುಟ್ಟಿದ ಕೂಡಲೇ ಪುಟ ತಾನಾಗಿ ದೊಡ್ಡದಾಗಿ ಅಕ್ಕಪಕ್ಕ ಸರಿಯುತ್ತದೆ.

ಡೊಮೇನ್ ಮಾಲೀಕರ ಹೆಸರಿನಲ್ಲೇ ನೋಂದಣಿಯಾಗಬೇಕು, ನನ್ನ ಖಾತೆಯಲ್ಲಿ ಖಂಡಿತ ಅಲ್ಲ. ನೋಂದಣಿಗೆ ಕೊಡುವ ಇಮೇಲ್ ಅದೇ ಡೊಮೇನ್‌ನದ್ದೂ ಆಗಬಾರದು: ಅವಧಿ ಮುಗಿದು ಡೊಮೇನ್ ನಿಂತರೆ ಎಚ್ಚರಿಕೆಯ ಮೇಲ್ ಬರುವ ದಾರಿಯೂ ಮುಚ್ಚುತ್ತದೆ.

ಹಳೆಯ ಸೈಟ್ ಇದ್ದರೆ ಅದರ ಪ್ರತಿ ವಿಳಾಸವನ್ನೂ ಅದಕ್ಕೆ ಸರಿಹೊಂದುವ ಹೊಸ ಪುಟಕ್ಕೆ 301 ರೀಡೈರೆಕ್ಟ್ (ಶಾಶ್ವತವಾಗಿ ತಿರುಗಿಸುವ ಸೂಚನೆ) ಮಾಡುತ್ತೇನೆ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಹುಡುಕಿ ಬಂದವರಿಗೆ ಬೇಕಾದದ್ದು ಸಿಗುವುದಿಲ್ಲ. ಕಟ್ಟುವಾಗ ಗೂಗಲ್‌ಗೆ ಕಾಣದಿರಲೆಂದು ಹಾಕಿದ ‘ನೋಇಂಡೆಕ್ಸ್’ ಸೂಚನೆಯನ್ನು ಬಿಡುಗಡೆಯ ದಿನ ತೆಗೆದು, ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತದೆಂದು ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಮುಖಪುಟವನ್ನು ತಪಾಸಣೆ ಮಾಡಿಯೇ ಕೆಲಸ ಒಪ್ಪಿಸುತ್ತೇನೆ. ಜೊತೆಗೆ ರಜಾದಿನ, ಸಮಯ, ದರ ಬದಲಾದಾಗ ಸೈಟಿನಲ್ಲೂ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲೂ (ಗೂಗಲ್ ಹುಡುಕಾಟ, ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ವಿವರ) ತಿದ್ದುವವರು ಯಾರೆಂದು ಮಾಲೀಕರಿಂದಲೇ ಹೆಸರು ಹೇಳಿಸಿ ಬರೆದುಕೊಳ್ಳುತ್ತೇನೆ.