ಮೊದಲು ಪಟ್ಟಾಂಗ, ಆಮೇಲೆ ಪ್ರಬಂಧ

ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ. ಅಲ್ಲಿಯ ಆರನೆಯ ತರಗತಿಯ ನೋಟ್‌ಬುಕ್ ತೆರೆದು ‘ಮಳೆಗಾಲ’ ಪ್ರಬಂಧ ಓದಿದರೆ, ರೈತ ಮಾತ್ರ ಆಕಾಶಕ್ಕೆ ಮುಖ ಮಾಡಿ ಒಂದು ಹನಿಗಾಗಿ ಕಾಯುತ್ತಲೇ ಇರುತ್ತಾನೆ. ಗೈಡ್ ಬರೆದವರು ಬಯಲುಸೀಮೆಯವರಿರಬೇಕು. ಪ್ರಬಂಧ ಬರೆದ ಹುಡುಗಿಗೆ ಗೊತ್ತಿರುವ ಮಳೆಗಾಲವೇ ಬೇರೆ: ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟರೋ ಇಲ್ಲವೋ ಎಂದು ಬೆಳಿಗ್ಗೆ ಎದ್ದು ಅಪ್ಪನ ಮೊಬೈಲಿಗೆ ಇಣುಕುವುದು, ಒಣಗದ ಸಮವಸ್ತ್ರವನ್ನು ಒಲೆಯ ಬಿಸಿಗೆ ಹಿಡಿಯುವುದು, ಬಂದರಿನಲ್ಲಿ ಸಾಲಾಗಿ ಕಟ್ಟಿಹಾಕಿದ ಬೋಟುಗಳು, ಊಟಕ್ಕೆ ಒಣಮೀನು. ಇದನ್ನೆಲ್ಲ ಆಕೆ ಬಿಡುವಿನ ವೇಳೆಯಲ್ಲಿ ಪಕ್ಕದವಳಿಗೆ ಧಾರಾಳವಾಗಿ ಹೇಳುತ್ತಾಳೆ. ಪೆನ್ನು ಹಿಡಿದ ಕೂಡಲೇ ಗೈಡಿನ ರೈತ ಬಂದು ಕೂರುತ್ತಾನೆ.

ಮಕ್ಕಳಿಗೆ ಕಲ್ಪನೆ ಕಡಿಮೆ, ಶಬ್ದಸಂಪತ್ತು ಕಡಿಮೆ ಎಂಬ ದೂರನ್ನು ನಾನು ನಂಬುವುದಿಲ್ಲ. ಮಾತನಾಡಲು ಬಿಡದೆ ನೇರವಾಗಿ ಬರೆಯಲು ಕೂರಿಸುವುದೇ ತೊಂದರೆ. ಕೆಳಗಿನ ಕ್ರಮ ಐದರಿಂದ ಎಂಟನೆಯ ತರಗತಿಯವರೆಗೆ ಒಗ್ಗುತ್ತದೆ. ವಾರಕ್ಕೆ ಎರಡು ಅವಧಿ ಸಾಕು. ಸಾಮಗ್ರಿಗೆ ದುಡ್ಡೂ ಹೆಚ್ಚು ಬೇಡ. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಕಥಾ ಕಾರ್ಡುಗಳಲ್ಲಿ ಡ್ರ್ಯಾಗನ್, ರಾಜಕುಮಾರಿ, ಹಿಮದ ಮನೆ ಇರುತ್ತವೆ. ಕೊಂಡರೆ ಅಡ್ಡಿಯಿಲ್ಲ, ಆದರೆ ಅವುಗಳಿಂದ ಆರಂಭಿಸಬೇಡಿ.

ಹಳೆಯ ಸಾಮಾನಿನ ಪೆಟ್ಟಿಗೆ

ಮೊದಲ ವಾರ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ಮನೆಯಲ್ಲಿ ಯಾರಿಗೂ ಬೇಡವಾದ ಒಂದೊಂದು ವಸ್ತುವನ್ನು ಮಕ್ಕಳಿಂದಲೇ ತರಿಸಿ. ಕರಾವಳಿಯಲ್ಲಾದರೆ ಹರಿದ ಬಲೆಯ ತುಂಡು, ಬಲೆ ತೇಲಿಸುವ ಪ್ಲಾಸ್ಟಿಕ್ ಗುಂಡು, ಸಾಣಿಕಟ್ಟೆಯ ಉಪ್ಪಿನ ಹರಳು, ಖಾಲಿ ಚಿಪ್ಪು ಬರುತ್ತವೆ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಹಾಳೆ, ಕಂಬಳಿಕೊಪ್ಪೆಯ ಚೂರು, ನಾಲಗೆ ಕಳಚಿದ ದನದ ಗಂಟೆ. ಹರಿದ ಬಸ್ ಟಿಕೆಟ್, ಒಂಟಿ ಚಪ್ಪಲಿ, ಕೀಲಿಯಿಲ್ಲದ ಬೀಗ ಎಲ್ಲ ಊರಿನಲ್ಲೂ ಸಿಗುತ್ತವೆ. ಹೊಸ ವಸ್ತು ಬೇಡ. ಹೊಸ ಬಲೆ ಬರೀ ಬಲೆ. ತೂತು ಬಿದ್ದ ಬಲೆಯ ಹಿಂದೆ ಏನೋ ನಡೆದಿದೆ.

ವಸ್ತುವೊಂದನ್ನು ಮೇಜಿನ ಮೇಲಿಟ್ಟು ‘ಇದೇನು?’ ಎಂದು ಕೇಳಬೇಡಿ. ಇಡೀ ತರಗತಿ ಒಕ್ಕೊರಲಿನಿಂದ ‘ಬಲೆ’ ಎನ್ನುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಇದು ಕೊನೆಯ ಸಲ ಯಾರ ಕೈಯಲ್ಲಿತ್ತು? ಆಗ ಹೊತ್ತು ಎಷ್ಟಾಗಿತ್ತು? ಇದನ್ನು ಯಾರಾದರೂ ಹುಡುಕುತ್ತಿದ್ದಾರೆಯೇ? ಸಿಕ್ಕರೆ ನಗುತ್ತಾರೋ ಬೈಯುತ್ತಾರೋ? ವಸ್ತು ಕೈಯಿಂದ ಕೈಗೆ ದಾಟಲಿ, ಮೂಸಿಯೂ ನೋಡಲಿ. ಒಬ್ಬರು ಹೇಳಿದ್ದನ್ನು ಮುಂದಿನವರು ಅಳಿಸುವಂತಿಲ್ಲ ಎಂಬುದು ಆಟದ ನಿಯಮ. ಬಲೆ ಹರಿದದ್ದು ಬಂಡೆಗೆ ಸಿಕ್ಕಿ ಎಂದು ಒಬ್ಬ ಹೇಳಿದ ಮೇಲೆ, ಡಾಲ್ಫಿನ್ ಬೇಕೆನ್ನುವವನು ಅದನ್ನು ಆ ಬಂಡೆಯ ಹಿಂದಿನಿಂದಲೇ ಕರೆತರಬೇಕು. ಹತ್ತು ನಿಮಿಷ ಇಂಥ ಪಟ್ಟಾಂಗ, ಅಂದರೆ ಹರಟೆ, ನಡೆದ ಬಳಿಕ ಐದೇ ಸಾಲು ಬರೆಯಲು ಹೇಳಿ. ಐದಕ್ಕಿಂತ ಹೆಚ್ಚು ಕೇಳಿದರೆ ಗೈಡಿನ ಭಾಷೆ ವಾಪಸು ಬರುತ್ತದೆ.

ಸುದ್ದಿಯನ್ನೂ ಇದೇ ಬಗೆಯಲ್ಲಿ ಪೆಟ್ಟಿಗೆಗೆ ಹಾಕಬಹುದು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿ ಬಂದರು. ‘ಸೇತುವೆ ದುರಂತ’ ಎಂಬ ಶೀರ್ಷಿಕೆ ಕೊಟ್ಟರೆ ಪತ್ರಿಕೆಯ ನಕಲು ಸಿಗುತ್ತದೆ. ‘ಆ ಬೆಳಿಗ್ಗೆ ನಿಮ್ಮ ಮನೆಯಿಂದ ಯಾರು ಯಾರಿಗೆ ಫೋನ್ ಮಾಡಿದರು?’ ಎಂದು ಕೇಳಿದರೆ ಸದಾಶಿವಗಡದ ಮಗುವೂ ಕೋಡಿಬಾಗದ ಮಗುವೂ ತಮ್ಮ ತಮ್ಮ ದಡದ ಕಥೆ ಹೇಳುತ್ತವೆ.

ಹುಣಿಸೆ ಬೀಜ ಮತ್ತು ಮೂರು ಸೆಕೆಂಡು

ಪಟ್ಟಾಂಗ ಎಂದರೆ ನಾಲ್ಕು ಜಾಣರ ಮಾತು, ಉಳಿದವರ ಮೌನ ಎಂದಾಗಬಾರದು. ಪ್ರತಿ ಮಗುವಿಗೆ ಮೂರು ಹುಣಿಸೆ ಬೀಜ ಕೊಡಿ. ಒಮ್ಮೆ ಮಾತನಾಡಿದರೆ ಒಂದು ಬೀಜ ನಡುವಿನ ತಟ್ಟೆಗೆ. ಕೈ ಖಾಲಿಯಾದವರು ಉಳಿದವರ ಬೀಜ ಮುಗಿಯುವವರೆಗೆ ಕೇಳಿಸಿಕೊಳ್ಳಬೇಕು. ಮೊದಲ ದಿನ ವಾಚಾಳಿಗಳು ಮೂರೇ ನಿಮಿಷದಲ್ಲಿ ದಿವಾಳಿಯಾಗುತ್ತಾರೆ. ಎರಡನೆಯ ವಾರಕ್ಕೆ ಲೆಕ್ಕಾಚಾರ ಕಲಿಯುತ್ತಾರೆ. ಚೆಂದ ಕಾಣುತ್ತದೆಂದು ಗುಲಗಂಜಿಯನ್ನು ಮಾತ್ರ ತರಬೇಡಿ. ಅಗಿದು ನುಂಗಿದರೆ ಅದು ಅಪಾಯಕಾರಿ ವಿಷ.

ಪ್ರಶ್ನೆ ಕೇಳಿದ ಮೇಲೆ ಕಾಯುವುದು ಕಷ್ಟದ ಕೆಲಸ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣಗಳನ್ನು ಆಲಿಸಿ, ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡು ಕಾದಲ್ಲಿ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆದರು. ಆದ್ದರಿಂದ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ಉತ್ತರ ಬಂದ ಮೇಲೂ ‘ಶಾಬಾಶ್’ ಎನ್ನುವ ಮೊದಲು ಇನ್ನೊಮ್ಮೆ ಎಣಿಸಿ. ಮಗು ಮಾತನ್ನು ಇನ್ನೂ ಮುಗಿಸಿರುವುದಿಲ್ಲ.

ತರಗತಿಯಲ್ಲಿ ತಾಳಮದ್ದಳೆ

ಚರ್ಚೆ ಕಲಿಸಲು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇರುವಷ್ಟು ಒಳ್ಳೆಯ ಸಾಧನ ಬೇರೆಡೆ ಸಿಗುವುದು ಕಷ್ಟ, ನಾವು ಅದನ್ನು ವಾರ್ಷಿಕೋತ್ಸವಕ್ಕೆ ಮೀಸಲಿಟ್ಟಿದ್ದೇವೆ. ಶಾಲೆಯ ಚರ್ಚಾ ಸ್ಪರ್ಧೆಯಲ್ಲಿ ನಡೆಯುವುದು ಚರ್ಚೆಯಲ್ಲ. ‘ಮಾನ್ಯ ನಿರ್ಣಾಯಕರೇ’ ಎಂದು ಶುರುವಾಗುವ ಬಾಯಿಪಾಠದ ಭಾಷಣ, ಎದುರಾಳಿ ಏನು ಹೇಳಿದರೂ ಒಂದು ಅಕ್ಷರ ಬದಲಾಗುವುದಿಲ್ಲ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ಹಾಗೆ ಸಾಗದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಅದನ್ನು ತನ್ನ ಸ್ವಂತ ಮಾತಿನಲ್ಲಿ ಬೆಳೆಸುತ್ತಾನೆ, ಎದುರಿಗೆ ಕೂತವನು ಅದನ್ನು ಕೇಳಿಸಿಕೊಂಡು ಆ ಕ್ಷಣಕ್ಕೆ ಉತ್ತರ ಕಟ್ಟಬೇಕು. ಕೇಳದವನು ಸೋಲುತ್ತಾನೆ. ಇಡಗುಂಜಿ ಯಕ್ಷಗಾನ ಮೇಳ 1934ರಿಂದ ಬಾಳಿ ಬಂದ ಗುಣವಂತೆಯ ಸುತ್ತಮುತ್ತಲಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೂ ಇಲ್ಲ. ಇದರ ಪರಿಚಯವಿಲ್ಲದ ಮಕ್ಕಳಿಗೆ ಮೊದಲು ಅರ್ಧ ಗಂಟೆಯ ಧ್ವನಿಮುದ್ರಣ ಕೇಳಿಸಿ.

ಕ್ರಮ ಹೀಗಿರಲಿ. ಕಥೆ ಎಲ್ಲರಿಗೂ ಗೊತ್ತಿರುವುದನ್ನೇ ಆರಿಸಿ. ವಾಲಿ ಮತ್ತು ರಾಮರ ಸಂವಾದ ಮಕ್ಕಳಿಗೆ ಸರಿಯಾಗಿ ಹೊಂದುತ್ತದೆ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ನ್ಯಾಯವೇ ಎಂಬ ಪ್ರಶ್ನೆಗೆ ಐದನೆಯ ತರಗತಿಯ ಮಗುವಿಗೂ ಅಭಿಪ್ರಾಯ ಇರುತ್ತದೆ. ಇಬ್ಬರು ಅರ್ಥಧಾರಿಗಳು ಎದುರುಬದುರು ನೆಲದ ಮೇಲೆ ಕೂರಲಿ. ಭಾಗವತನಾದ ಮಗು, ತರಗತಿಯೇ ಕಟ್ಟಿದ ಎರಡು ಸಾಲಿನ ಪದವನ್ನು ರಾಗ ಬಂದರೆ ರಾಗದಲ್ಲಿ, ಇಲ್ಲದಿದ್ದರೆ ಓದಿ ಹೇಳಲಿ. ಮೇಜು ಬಡಿಯುವ ಮದ್ದಳೆಗಾರ ತಾನಾಗಿಯೇ ಹುಟ್ಟಿಕೊಳ್ಳುತ್ತಾನೆ, ಚಿಂತೆ ಬೇಡ. ಒಂದು ಸುತ್ತು ಹತ್ತು ನಿಮಿಷ ಮೀರಬಾರದು.

ನಿಯಮ ಎರಡೇ. ಉತ್ತರ ಕೊಡುವ ಮೊದಲು ‘ನೀನು ಹೇಳಿದ್ದು ಇಷ್ಟು’ ಎಂದು ಎದುರಾಳಿಯ ಮಾತನ್ನು ಅವನು ಒಪ್ಪುವ ಹಾಗೆ ಮರಳಿ ಹೇಳಬೇಕು. ಮರುದಿನ ವಾಲಿಯಾದವನು ರಾಮನಾಗಬೇಕು. ಎರಡನೆಯ ನಿಯಮಕ್ಕೆ ಮಕ್ಕಳು ಗೊಣಗುತ್ತಾರೆ, ನಿನ್ನೆ ಗೆದ್ದ ವಾದವನ್ನು ಇಂದು ತಾನೇ ಮುರಿಯಬೇಕಲ್ಲ ಎಂದು. ಬಿಟ್ಟುಕೊಡಬೇಡಿ. ಕೇಳುಗರಾಗಿ ಕೂತವರು ಒಂದೊಂದು ಪ್ರಶ್ನೆ ಬರೆದುಕೊಂಡಿರಲಿ; ಕೊನೆಯ ಐದು ನಿಮಿಷ ಅವರದು. ವಾಲಿಯ ಹೆಂಡತಿ ತಾರೆಗೆ ಯಾಕೆ ಮಾತಿಲ್ಲ ಎಂಬ ಪ್ರಶ್ನೆ ಬಂದರೆ ಮುಂದಿನ ವಾರದ ಪ್ರಸಂಗ ಸಿದ್ಧವಾದಂತೆ.

ಕೈ ಪಳಗಿದ ಮೇಲೆ ಪುರಾಣ ಬಿಟ್ಟು ಊರಿಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಸಾಂಪ್ರದಾಯಿಕ ನಾಡದೋಣಿಗೆ ವಿನಾಯಿತಿ. ಇದು ಸರಿಯೇ? ಬೋಟಿನ ಮಾಲೀಕ, ದೋಣಿಯವನು, ಪೇಟೆಯಲ್ಲಿ ಮೀನು ಮಾರುವ ಅಮ್ಮ, ಇವರ ಜೊತೆಗೆ ಮೊಟ್ಟೆ ಹೊತ್ತ ಬಂಗಡೆಯೂ ಅರ್ಥ ಹೇಳಲಿ. ಘಟ್ಟದ ಮೇಲೆ ತೋಟದವರು, ಅರಣ್ಯ ರಕ್ಷಕ ಮತ್ತು ಎಳನೀರು ಕೆಡವುವ ಮಂಗ. ಕಲಾಪ ಮುಗಿದ ಮೇಲೆ ಮಕ್ಕಳು ತಮ್ಮ ಪಾತ್ರದ ಮಾತನ್ನು ಬರೆಯಲಿ. ಬಂಗಡೆಯ ಆತ್ಮಕಥೆಗೆ ಆಗ ಗೈಡ್ ಬೇಕಾಗುವುದಿಲ್ಲ. ಆದರೆ ಊರೇ ಎರಡು ಬಣವಾಗಿ ಠಾಣೆ ಮೆಟ್ಟಿಲು ಹತ್ತಿದ ವಿವಾದವನ್ನು ಆ ವರ್ಷ ಮುಟ್ಟಬೇಡಿ. ತರಗತಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಮನೆ ತಲುಪುತ್ತದೆ, ಅದರ ಹೊಣೆ ಮಗುವಿನ ತಲೆಗೆ ಬರುತ್ತದೆ.

ಮನೆಮಾತಿನಲ್ಲಿ ಮೊದಲ ಕರಡು

ಕಾರವಾರದ ಅನೇಕ ಮಕ್ಕಳ ಮನೆಮಾತು ಕೊಂಕಣಿ. ಭಟ್ಕಳದಲ್ಲಿ ನವಾಯತಿ, ಹಳಿಯಾಳದ ಕಡೆ ಮರಾಠಿ, ಶಿರಸಿಯಲ್ಲಿ ಹವ್ಯಕ ಕನ್ನಡ, ಅಂಕೋಲೆಯಲ್ಲಿ ಹಾಲಕ್ಕಿ ಕನ್ನಡ. ಅಕ್ಕೋರ (ಶಿಕ್ಷಕಿಯ) ಎದುರು ಪುಸ್ತಕದ ಕನ್ನಡವನ್ನೇ ಆಡಬೇಕೆಂಬ ಅಂಜಿಕೆಯಲ್ಲಿ ಮಗು ನಾಲ್ಕು ಶಬ್ದಗಳಿಗೆ ಕುಗ್ಗುತ್ತದೆ. ಮೊದಲ ಕರಡು ಬಾಯಿಗೆ ಬಂದ ಮಾತಿನಲ್ಲೇ, ಕನ್ನಡ ಲಿಪಿಯಲ್ಲಿ ಇರಲಿ. ಎರಡನೆಯ ಕರಡಿನಲ್ಲಿ ಶಿಷ್ಟ ಕನ್ನಡಕ್ಕೆ ತನ್ನಿ, ಅದಕ್ಕೆ ಸಮಾನ ಶಬ್ದ ಸಿಗದಿದ್ದರೆ ಮನೆಯ ಶಬ್ದವನ್ನೇ ಉಳಿಸಿ.

ಅಜ್ಜಿಯರಿಂದ ಹಾಡು ಕೇಳಿ ಬರೆದು ತರುವ ಮನೆಗೆಲಸ ಇಲ್ಲಿಗೇ ಸೇರುತ್ತದೆ. ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲೇ ಹೊತ್ತು ನಡೆದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅಂಥ ಹಾಡು ಗೊತ್ತಿರುವ ಹಿರಿಯರು ನಿಮ್ಮ ಶಾಲೆಯ ಓಣಿಯಲ್ಲೂ ಇರಬಹುದು. ಒಂದು ದಿನ ಕರೆಸಿ, ಕುರ್ಚಿ ಹಾಕಿ ಕೂರಿಸಿ. ಭಾಷಣ ಮಾಡಿಸಬೇಡಿ, ಮಕ್ಕಳೇ ಪ್ರಶ್ನೆ ಕೇಳಲಿ.

ನಾಲ್ಕು ಸಾಲು, ಎರಡು ಡಬ್ಬಿ

ಚುಟುಕು ಎಂದರೆ ದಿನಕರ ದೇಸಾಯಿ ಎನ್ನುವ ಜಿಲ್ಲೆ ನಮ್ಮದು. ನಾಲ್ಕೇ ಸಾಲು ಎಂಬ ಅಳತೆ ಮಕ್ಕಳಿಗೆ ಹೆದರಿಕೆ ಹುಟ್ಟಿಸುವುದಿಲ್ಲ. ಪ್ರಾಸಕ್ಕೆ ಹೊಂದುವ ಶಬ್ದಗಳನ್ನು ಮೊದಲು ಕರಿಹಲಗೆಯ ಮೇಲೆ ಎಲ್ಲರೂ ಸೇರಿ ರಾಶಿ ಹಾಕಿ, ಆಮೇಲೆ ಬರೆಯಿರಿ. ಕೊನೆಯ ಸಾಲಿನಲ್ಲಿ ಒಂದು ಕುಟುಕು ಇರಲಿ. ಅದು ಮಾಸ್ತರರಿಗೇ ತಾಗಿದರೂ ಸಹಿಸಿಕೊಳ್ಳಿ.

ಕಥೆಗೆ ಬೇರೆ ಉಪಾಯವಿದೆ. ಇಟಲಿಯ ಮಕ್ಕಳ ಸಾಹಿತಿ ಜಾನ್ನಿ ರೊದಾರಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಶಬ್ದಗಳನ್ನು ಡಿಕ್ಕಿ ಹೊಡೆಸಿ ಕಥೆ ಹುಟ್ಟಿಸುತ್ತಿದ್ದರು. ಎರಡು ಡಬ್ಬಿ ಇಡಿ, ಒಂದರಲ್ಲಿ ಕಡಲಿನ ಶಬ್ದಗಳ ಚೀಟಿ, ಇನ್ನೊಂದರಲ್ಲಿ ಘಟ್ಟದವು. ಬಂಗಡೆ ಮತ್ತು ಅಟ್ಟ ಬಂದವು ಎನ್ನಿ. ಕನ್ನಡದಲ್ಲಿ ಮುಂದಿನ ಕೆಲಸವನ್ನು ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ: ಅಟ್ಟದಲ್ಲಿ ಬಂಗಡೆ, ಅಟ್ಟದಿಂದ ಬಂಗಡೆ, ಅಟ್ಟಕ್ಕೆ ಬಂಗಡೆ, ಬಂಗಡೆಯ ಅಟ್ಟ. ಒಂದೊಂದೂ ಬೇರೆ ಕಥೆ. ವ್ಯಾಕರಣದ ಅವಧಿಯೂ ಅದರಲ್ಲೇ ಮುಗಿಯುತ್ತದೆ, ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ತಿದ್ದುವಾಗ ಕೆಂಪು ಪೆನ್ನನ್ನು ದೂರ ಇಡಿ. ಒಂದು ಸಲಕ್ಕೆ ಒಂದೇ ಬಗೆಯ ತಪ್ಪು. ಈ ವಾರ ಮಹಾಪ್ರಾಣವಾದರೆ ಮಹಾಪ್ರಾಣ ಮಾತ್ರ, ಉಳಿದದ್ದಕ್ಕೆ ಮುಂದಿನ ವಾರವಿದೆ. ಅಂಚಿನಲ್ಲಿ ‘ಚೆನ್ನಾಗಿದೆ’ ಎಂದು ಬರೆಯುವ ಬದಲು ಒಂದು ಪ್ರಶ್ನೆ ಬರೆಯಿರಿ: ‘ಬೀಗ ಒಡೆದವನು ಆಮೇಲೆ ಎಲ್ಲಿಗೆ ಹೋದ?’

ಓದುಗರನ್ನು ಹುಡುಕಿ

ಗೋಡೆ ಪತ್ರಿಕೆ ಎಲ್ಲ ಶಾಲೆಯಲ್ಲೂ ಇದೆ, ಬಹಳ ಕಡೆ ಜೂನ್ ತಿಂಗಳದ್ದೇ ಮಾರ್ಚಿನವರೆಗೂ ನೇತಾಡುತ್ತದೆ. ಹದಿನೈದು ದಿನಕ್ಕೊಮ್ಮೆ ಬದಲಿಸಲಾಗದಿದ್ದರೆ ಅದನ್ನು ಬಿಟ್ಟು ಕಾಗದ ಬರೆಯುವುದೇ ಮೇಲು. ಫ್ರಾನ್ಸಿನ ಹಳ್ಳಿ ಶಾಲೆಯ ಮಾಸ್ತರ ಸೆಲೆಸ್ತಾಂ ಫ್ರೆನೆ 1920ರ ದಶಕದಲ್ಲಿ ತರಗತಿಗೆ ಪುಟ್ಟ ಅಚ್ಚಿನ ಯಂತ್ರ ತಂದು, ಮಕ್ಕಳ ಬರಹ ಮುದ್ರಿಸಿ ದೂರದ ಇನ್ನೊಂದು ಶಾಲೆಗೆ ಕಳುಹಿಸುತ್ತಿದ್ದರು. ನಮಗೆ ಅಚ್ಚಿನ ಯಂತ್ರ ಬೇಡ, 50 ಪೈಸೆಯ ಪೋಸ್ಟ್‌ಕಾರ್ಡ್ ಸಾಕು. ಕರಾವಳಿಯ ಒಂದು ಶಾಲೆ, ದೇವಿಮನೆ ಘಟ್ಟದ ಮೇಲಿನ ಒಂದು ಶಾಲೆ ಜೋಡಿಯಾಗಲಿ. ಕಡಲು ನೋಡದವರಿಗೆ ಇಳಿತದ ಹೊತ್ತಿನ ದಡವನ್ನು ವಿವರಿಸಬೇಕಾಗಿ ಬಂದಾಗ, ದೋಣಿಯ ಮಗು ‘ಸಮುದ್ರವು ರಮಣೀಯವಾಗಿದೆ’ ಎಂದು ಬರೆದು ಪಾರಾಗಲು ಆಗುವುದಿಲ್ಲ. ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವ ಕೆಲಸ) ಎಂದರೇನು ಎಂದು ಕೆಳಗಿನವರು ಕೇಳಿದರೆ, ಮೇಲಿನವರು ಮರ ಹತ್ತುವುದರಿಂದ ಹೇಳಬೇಕಾಗುತ್ತದೆ.

ಇಬ್ಬರು ಶಿಕ್ಷಕರು ಮೊದಲೇ ಫೋನಿನಲ್ಲಿ ಮಾತನಾಡಿ ಹೆಸರುಗಳನ್ನು ಜೋಡಿ ಮಾಡಿಕೊಳ್ಳಿ. ವಿಳಾಸ ಶಾಲೆಯದೇ ಇರಲಿ, ಮನೆಯದು ಬೇಡ. ಪ್ರತಿ ಕಾರ್ಡಿನ ಕೊನೆಯಲ್ಲಿ ಉತ್ತರ ಬೇಡುವ ಒಂದು ಪ್ರಶ್ನೆ ಇರಲೇಬೇಕು. ಶಾಲೆ ತೆರೆದ ಕೂಡಲೇ ಶುರು ಮಾಡಬೇಡಿ, ಮಕ್ಕಳು ಮಾತಿಗೆ ಒಗ್ಗಿಕೊಳ್ಳಲಿ. ಆಗಸ್ಟ್ ಮೊದಲ ವಾರ ಕಾರ್ಡು ಹಾಕಿದರೆ ದಸರಾ ರಜೆಯೊಳಗೆ ಎರಡು ಸುತ್ತು ಮುಗಿಯುತ್ತದೆ. ಗುಡ್ಡ ಕುಸಿದು ಘಟ್ಟದ ರಸ್ತೆ ಬಂದ್ ಆದರೆ ಟಪಾಲು ತಡವಾಗಬಹುದು. ಅದನ್ನೂ ಮುಂದಿನ ಕಾರ್ಡಿನಲ್ಲಿ ಬರೆಯಿಸಿ.